ಓಡಿದರೆ ಉರಿಯುವ ದೀಪ

ಕರಾವಳಿಯ ಜಾತ್ರೆಗಳಲ್ಲಿ ಕತ್ತಲಾದ ಮೇಲೆ ಆಟಿಕೆಯಂಗಡಿಗಳ ಸುತ್ತ ಒಂದು ನೋಟ ಈಗ ಸಾಮಾನ್ಯ. ಅಂಗಡಿಯಾತ ರಬ್ಬರ್ ಬ್ಯಾಂಡನ್ನು ಎಳೆದು ಬಿಡುತ್ತಾನೆ. ನೀಲಿ ಕಿಡಿಯೊಂದು ಸರ್ರನೆ ತೆಂಗಿನ ಮರದ ಎತ್ತರಕ್ಕೆ ಏರಿ, ಅಲ್ಲಿ ರೆಕ್ಕೆ ಬಿಚ್ಚಿ, ಗಿರಗಿರನೆ ತಿರುಗುತ್ತ ಇಳಿಯುತ್ತದೆ. ಅದು ನೆಲ ಮುಟ್ಟುವ ಮೊದಲೇ ಹಿಡಿಯಬೇಕೆಂದು ಮಕ್ಕಳು ಓಡುತ್ತಾರೆ. ಓಡುವಾಗ ಕೆಲವರ ಬೂಟಿನ ಹಿಮ್ಮಡಿಯಲ್ಲೂ ಕೆಂಪು ದೀಪ ಮಿನುಗುತ್ತದೆ. ಹಿರಿಯರ ಕಣ್ಣಿಗೆ ಇದು ಎಲ್ಲಿಂದಲೋ ಬಂದ ಹೊಸ ಶೋಕಿ. ಆದರೆ ಬೆಳಕು ಹಿಡಿದು ಕತ್ತಲೆಯಲ್ಲಿ ಓಡುವ ಮಕ್ಕಳು ಈ ಸೀಮೆಗೆ ಹೊಸಬರೇನೂ ಅಲ್ಲ. ಬೆಳಕಿಗೂ ಮಕ್ಕಳ ಓಟಕ್ಕೂ ಇಲ್ಲಿ ಹಳೆಯ ನಂಟಿದೆ. ನಡುವೆ ಕೆಲವು ದಶಕ ಆ ನಂಟು ಸಡಿಲವಾಗಿತ್ತು ಅಷ್ಟೇ.

ಕುಂದಾಪುರ ತಾಲ್ಲೂಕಿನ ಹಾಲಾಡಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಕತೆ ಸ್ಪಷ್ಟವಾಗುತ್ತದೆ. ಘಟ್ಟದಿಂದ ಇಳಿದು ಬರುವ ವಾರಾಹಿ ನದಿ ಈ ಊರಿನ ಬಳಿ ಹರಿದು, ಮುಂದೆ ಬಸ್ರೂರಿನ ಕಡೆಗೆ ಸಾಗಿ, ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಅದನ್ನು ಹಾಲಾಡಿ ಹೊಳೆ ಎಂದೇ ಕರೆಯುವುದೂ ಉಂಟು. ಈ ಭಾಗದಲ್ಲಿ ಮನೆಗಳು ಒತ್ತೊತ್ತಾಗಿ ಕೇರಿಯಂತೆ ಇರುವುದು ಕಡಿಮೆ. ಒಂದು ಮನೆ, ಅದರ ಮುಂದೆ ಗದ್ದೆಯ ಬಯಲು, ಹಿಂದೆ ತೋಟ, ಅದರಾಚೆ ಹಾಡಿ, ಹಾಡಿಯಾಚೆ ಇನ್ನೊಂದು ಮನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿಯೆಂದರೆ ಗದ್ದೆಯ ಅಂಚು. ವಿದ್ಯುತ್ತಿಲ್ಲದ ಕಾಲದಲ್ಲಿ ಮುಸ್ಸಂಜೆಯೆಂಬುದು ಮಕ್ಕಳ ಆಟಕ್ಕೆ ಎಳೆದ ಗೆರೆ. ಚಿನ್ನಿದಾಂಡು, ಲಗೋರಿ, ಕಣ್ಣಾಮುಚ್ಚಾಲೆ ಏನೇ ಇರಲಿ, ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆದು ಒಳಗೆ ಬರಬೇಕು. ಹಾವಿನ ಭಯ, ಬಾವಿಯ ಭಯ, ಹೊಳೆಯ ಭಯ, ಜೊತೆಗೆ ಭೂತದ ಭಯ ಎಲ್ಲವೂ ಆ ಗೆರೆಯ ಆಚೆಗಿದ್ದವು.

ಆ ಗೆರೆಯನ್ನು ದಾಟಲು ಅನುಮತಿ ಕೊಡುತ್ತಿದ್ದ ವಸ್ತು ಸೂಡಿ. ಒಣಗಿದ ತೆಂಗಿನ ಗರಿಗಳನ್ನು ಒತ್ತಾಗಿ ಕಟ್ಟಿ ಮಾಡಿದ ಪಂಜು ಇದು. ಎಣ್ಣೆ ಬೇಡ, ಬತ್ತಿ ಬೇಡ, ಕಾಸು ಬೇಡ. ಆದರೆ ಇದಕ್ಕೆ ಒಂದು ಗುಣವಿದೆ. ಸುಮ್ಮನೆ ಹಿಡಿದು ನಿಂತರೆ ಜ್ವಾಲೆ ಕುಗ್ಗಿ, ಗರಿಯ ತುದಿಯಲ್ಲಿ ಕೆಂಡ ಮಾತ್ರ ಉಳಿದು ಹೊಗೆಯಾಡುತ್ತದೆ. ಕೈ ಬೀಸಿದಾಗ ಗಾಳಿ ಕೆಂಡಕ್ಕೆ ತಗಲಿ ಮತ್ತೆ ಉರಿ ಏಳುತ್ತದೆ. ಆದ್ದರಿಂದ ಸೂಡಿ ಹಿಡಿದವನು ನಡೆಯುತ್ತಲೇ ಇರಬೇಕು, ಎಡಕ್ಕೂ ಬಲಕ್ಕೂ ಬೀಸುತ್ತಲೇ ಇರಬೇಕು. ಬೆಳಕು ಹೆಚ್ಚು ಬೇಕಾದಲ್ಲಿ ಜೋರಾಗಿ, ದಾರಿ ಚೆನ್ನಾಗಿದ್ದಲ್ಲಿ ಮೆಲ್ಲಗೆ. ಹಾಗೆ ಮಾಡಿದರೆ ಒಂದೇ ಸೂಡಿ ದೂರದವರೆಗೆ ಬರುತ್ತದೆ. ಮನೆ ಮುಟ್ಟಿದಾಗ ನೆಲಕ್ಕೆ ಬಡಿದು ಆರಿಸಿದರೆ ಉಳಿದ ತುಂಡು ನಾಳೆಗೆ ಆಗುತ್ತದೆ. ದೊಡ್ಡವರಿಗೆ ಇದು ದಾರಿದೀಪ. ಅವರ ಕೈಯಿಂದ ಸೂಡಿ ಕೇಳಿ ಪಡೆದ ಹುಡುಗನಿಗೆ ಇದು ಹಕ್ಕಿನ ಆಟಿಕೆ, ಜೊತೆಗೆ ಹೊಣೆ. ಉರಿ ಕೆಟ್ಟರೆ ಹಿಂದೆ ಬರುವವರೆಲ್ಲ ಎಡವುತ್ತಾರೆ.

ಸೂಡಿಯ ಬೆಳಕಿನಲ್ಲಿ ಮಕ್ಕಳು ಹೆಚ್ಚಾಗಿ ನಡೆದದ್ದು ಯಕ್ಷಗಾನ ಬಯಲಾಟಕ್ಕೆ. ಹಾಲಾಡಿಯ ಹೆಸರಿನಲ್ಲೇ ಒಂದು ಮೇಳವಿದೆ. ಮಂದರ್ತಿ, ಮಾರಣಕಟ್ಟೆಯ ಮೇಳಗಳೂ ಈ ಸೀಮೆಯವೇ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ಅಲ್ಲಿಯೂ ಹಿಂದೆ ದೊಂದಿಯ ಬೆಳಕೇ. ಬಣ್ಣದ ವೇಷದ ಕೆಂಪು, ಕಪ್ಪು, ಹೊಳೆಯುವ ಕಿರೀಟ, ಎದೆಪದಕಗಳೆಲ್ಲ ಅಲುಗಾಡುವ ಆ ಉರಿಯ ಮುಂದೆ ಅರಳುತ್ತಿದ್ದವು. ಆಟ ನೋಡಲು ಎರಡು ಮೂರು ಮೈಲಿ ನಡೆದು, ಅರ್ಧ ನೋಡಿ ಅರ್ಧ ನಿದ್ದೆ ಮಾಡಿ, ಬೆಳಗಾದ ಮೇಲೆ ಗದ್ದೆಯಂಚಿನಲ್ಲಿ ಅದೇ ಹೆಜ್ಜೆ ಹಾಕುತ್ತ ಮರಳುವುದು ಇಲ್ಲಿನ ಬಾಲ್ಯದ ಪಾಠವಾಗಿತ್ತು.

ನವರಾತ್ರಿಯ ದಿನಗಳಲ್ಲಿ ಮಕ್ಕಳೇ ಮನೆಮನೆಗೆ ಹೋಗುತ್ತಿದ್ದರು. ಅದು ಹೂವಿನಕೋಲು. ಹೂ ಕಟ್ಟಿದ ಕೋಲು ಹಿಡಿದ ಬಾಲಕರು, ಜೊತೆಗೆ ಭಾಗವತ, ಮದ್ದಲೆಯವ. ಮನೆಯ ಚಾವಡಿಯಲ್ಲಿ ಎದುರುಬದುರು ಕುಳಿತು ಪ್ರಸಂಗದ ಒಂದು ತುಣುಕನ್ನು ಆಡಿ ತೋರಿಸಿ, ಹರಸಿ, ಮುಂದಿನ ಮನೆಗೆ. ಆಡುವುದು ಕುಳಿತೇ ಆದರೂ ದಿನವಿಡೀ ನಡೆದದ್ದು ಗದ್ದೆ, ತೋಟ, ಸಂಕ.

ದೀಪಾವಳಿಯ ಸಂಜೆಯಂತೂ ಮುಸ್ಸಂಜೆಯ ಗೆರೆ ಪೂರ್ತಿ ಅಳಿಸಿಹೋಗುತ್ತದೆ. ಬಲೀಂದ್ರ ತನ್ನ ರಾಜ್ಯವನ್ನು ನೋಡಲು ಬರುವ ದಿನವೆಂದು ಗದ್ದೆಗದ್ದೆಗೂ ದೀಪ ಇಡುವ ಪದ್ಧತಿ ಕುಂದಾಪುರ ಸೀಮೆಯದು. ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಬತ್ತಿಯನ್ನು ಕೋಲಿನ ತುದಿಗೆ ಸುತ್ತಿ, ಹೊತ್ತಿಸಿ, ಗದ್ದೆಯಲ್ಲಿ ಊರಿ, ಬಲೀಂದ್ರನನ್ನು ಹೆಸರು ಹಿಡಿದು ಕರೆದು ಕೂ ಹಾಕುತ್ತಾರೆ. ಹಿರಿಯರು ಪೂಜೆಯ ಕ್ರಮ ನೋಡಿಕೊಂಡರೆ, ಕೋಲು ಹೊತ್ತು ಅಂಚಿನಿಂದ ಅಂಚಿಗೆ ಓಡುವ ಕೆಲಸ ಮಕ್ಕಳದು. ಹೊಳೆಯ ಆಚೆಯ ಬಯಲಿನಿಂದ ಇನ್ನೊಂದು ಕೂ ಕೇಳಿದರೆ ಇವರ ಗಂಟಲು ಇನ್ನಷ್ಟು ಏರುತ್ತದೆ. ವರ್ಷಕ್ಕೊಮ್ಮೆಯಾದರೂ ಕತ್ತಲೆಯ ಗದ್ದೆ ಮಕ್ಕಳ ವಶವಾಗುವುದು ಹೀಗೆ.

ಹೊಸ ದೀಪಗಳು ಒಂದೊಂದಾಗಿ ಬಂದವು. ಆಸ್ಟ್ರಿಯಾದ ಕಾರ್ಲ್ ಆವರ್ 1885ರಲ್ಲಿ ರೂಪಿಸಿದ ಮ್ಯಾಂಟಲ್‌ನಿಂದ ಮುಂದೆ ಹುಟ್ಟಿದ ಪೆಟ್ರೋಮ್ಯಾಕ್ಸ್, ನಮ್ಮಲ್ಲಿ ಗ್ಯಾಸ್‌ಲೈಟ್ ಎನಿಸಿಕೊಂಡು ಮದುವೆ ಚಪ್ಪರಕ್ಕೂ ರಂಗಸ್ಥಳಕ್ಕೂ ಬಂತು. ಬ್ಯಾಟರಿ ಟಾರ್ಚ್ ಬಂದು ಸೂಡಿಯನ್ನು ಮೂಲೆಗೆ ಸರಿಸಿತು. ಮಕ್ಕಳ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಸೈಕಲ್ಲಿನ ಡೈನಮೊ. ಟಯರಿಗೆ ತಾಗುವ ಪುಟ್ಟ ಗಾಲಿ, ಅದರೊಡನೆ ತಿರುಗುವ ಅಯಸ್ಕಾಂತ, ಪಕ್ಕದಲ್ಲಿ ತಂತಿಯ ಸುರುಳಿ. ತುಳಿದರೆ ಬೆಳಕು, ಜೋರಾಗಿ ತುಳಿದರೆ ಜೋರು ಬೆಳಕು, ನಿಂತರೆ ಕತ್ತಲು. ಸೂಡಿಯ ಗುಣವೇ ಇಲ್ಲಿ ಕಬ್ಬಿಣದ ರೂಪದಲ್ಲಿ ಮರಳಿತ್ತು. ಬಾಡಿಗೆ ಸೈಕಲ್ಲಿನಲ್ಲಿ ಏರು ಹತ್ತುವ ಹುಡುಗ ಮಂದವಾಗುತ್ತ ಬಂದ ದೀಪವನ್ನು ನೋಡಿ ತನ್ನ ಕಾಲಿನ ಸೋಲನ್ನು ಅಳೆಯಬಹುದಿತ್ತು.

ಡೈನಮೊದ ಹಿಂದಿನ ನಿಯಮವನ್ನು ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು 1831ರಲ್ಲಿ. ಅದೇ ನಿಯಮ ಮುಂದೆ ಹಾಲಾಡಿ ಹೊಳೆಯ ಮೇಲ್ಗಡೆಯೇ ಬೃಹದಾಕಾರ ತಾಳಿತು. ಹೊಸಂಗಡಿಯಲ್ಲಿ ನೆಲದೊಳಗೆ ಕಟ್ಟಿದ ವಾರಾಹಿ ವಿದ್ಯುದಾಗಾರ 1989ರಲ್ಲಿ ಕೆಲಸ ಆರಂಭಿಸಿತು. ತಲಾ 115 ಮೆಗಾವಾಟ್‌ನ ಎರಡು ಘಟಕಗಳಿದ್ದುದು 2009ರಲ್ಲಿ ನಾಲ್ಕಾಗಿ, ಒಟ್ಟು ಸಾಮರ್ಥ್ಯ 460 ಮೆಗಾವಾಟ್‌ಗೆ ಏರಿತು. ಹುಡುಗನ ಕಾಲು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೀಳುವ ನೀರು ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಈ ಬೆಳಕಿಗಾಗಿ ಮನೆಯಲ್ಲಿರುವ ಯಾರೂ ಅಲುಗಾಡಬೇಕಾಗಿಲ್ಲ.

ಹೀಗೆ ಬಂದ ಸ್ಥಿರ ಬೆಳಕು ಕೊಟ್ಟದ್ದು ಅಪಾರ. ಚಿಮಣಿ ದೀಪದ ಹೊಗೆ ಕುಡಿದು ಓದುವ ಕಷ್ಟ ತಪ್ಪಿತು. ಪಂಪು ಬಂತು, ಅಂಗಳದಲ್ಲಿ ಹಾವು ಕಾಣುವಂತಾಯಿತು. ಆದರೆ ಮಕ್ಕಳ ಸಂಜೆಯೂ ಅದರೊಂದಿಗೆ ಒಳಗೆ ಸರಿಯಿತು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಮುಂದಿನ ಎರಡು ದಶಕಗಳಲ್ಲಿ ಟಿ.ವಿ. ಹಳ್ಳಿಯ ಚಾವಡಿಗಳನ್ನೂ ತಲುಪಿತು; ಆಮೇಲೆ ಮೊಬೈಲ್ ಫೋನು ಅಂಗೈಗೇ ಬಂತು. ಇವೂ ಬೆಳಕಿನ ಪೆಟ್ಟಿಗೆಗಳೇ. ಆದರೆ ಇವು ಬೆಳಗಬೇಕಾದರೆ ನೋಡುವವನು ಕದಲದೆ ಕೂರಬೇಕು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಗದ್ದೆಯಂಚಿನಲ್ಲಿ ಕೋಲುದೀಪ ಹೊತ್ತು ಓಡಿದ ಪೀಳಿಗೆಗೆ ಇದನ್ನು ಯಾರೂ ಲೆಕ್ಕ ಹಾಕಿ ಹೇಳಬೇಕಾಗಿರಲಿಲ್ಲ.

ಜಾತ್ರೆಯ ನೀಲಿ ಕಿಡಿ ಮಹತ್ವದ್ದಾಗುವುದು ಇಲ್ಲಿಯೇ. ಹಳೆಯ ಟಾರ್ಚಿನ ಬಲ್ಬನ್ನು ಎಸೆದು ಆಡುವಂತಿರಲಿಲ್ಲ. ಒಳಗಿನ ಎಳೆ ತುಂಡಾಗುತ್ತಿತ್ತು, ಶೆಲ್ಲು ಬೇಗ ಮುಗಿಯುತ್ತಿತ್ತು. ಅಮೆರಿಕದ ನಿಕ್ ಹಾಲನ್ಯಾಕ್ 1962ರಲ್ಲಿ ಕೆಂಪು ಬೆಳಕಿನ ಎಲ್‌ಇಡಿಯನ್ನು ಮಾಡಿ ತೋರಿಸಿದರು. ಎಳೆಯೂ ಇಲ್ಲ, ಗಾಜಿನ ಬುರುಡೆಯೂ ಇಲ್ಲ. ಕಾಳಿನಷ್ಟು ಅರೆವಾಹಕವೇ ಬೆಳಗುತ್ತದೆ, ಬಿದ್ದರೂ ಒಡೆಯುವುದಿಲ್ಲ. ಜಪಾನಿನಲ್ಲಿ ಶುಜಿ ನಕಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನು ರೂಪಿಸಿದ ಮೇಲೆ ಬಿಳಿ ಬೆಳಕಿಗೂ ದಾರಿಯಾಯಿತು. ಇಸಾಮು ಅಕಸಾಕಿ, ಹಿರೋಷಿ ಅಮಾನೊ ಮತ್ತು ನಕಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂದದ್ದು ಈ ನೀಲಿ ಬೆಳಕಿಗಾಗಿಯೇ. ಜಗತ್ತಿನ ದೊಡ್ಡ ವಿಜ್ಞಾನದ ಫಲವೊಂದು ಇಷ್ಟು ಬೇಗ ಜಾತ್ರೆಯ ಆಟಿಕೆಯಾದದ್ದು ಅಪರೂಪ.

ಈ ಆಟಿಕೆಗಳ ಮರ್ಮ ಸರಳ. ರಬ್ಬರಿನ ಸೆಳೆತ ಮೇಲಕ್ಕೆ ಒಯ್ಯುತ್ತದೆ. ಇಳಿಯುವಾಗ ರೆಕ್ಕೆ ಗಾಳಿಗೆ ತಿರುಗಿ ವೇಗವನ್ನು ತಡೆಯುತ್ತದೆ. ಪಶ್ಚಿಮ ಘಟ್ಟದ ಕಿರಾಲಬೋಗಿ ಮರದ ಎರಡು ರೆಕ್ಕೆಯ ಕಾಯಿ ಗಾಳಿಗೆ ಉದುರುವಾಗ ತಿರುಗುವುದೂ ಹೀಗೆಯೇ. ಮಿನುಗುವ ಬೂಟನ್ನು 1992ರಲ್ಲಿ ಜನಪ್ರಿಯಗೊಳಿಸಿದ್ದು ಅಮೆರಿಕದ ಎಲ್.ಎ. ಗಿಯರ್ ಕಂಪನಿ. ಮೊದಲ ಬೂಟುಗಳ ಸ್ವಿಚ್ಚಿನಲ್ಲಿ ಪಾದರಸವಿತ್ತು. ಪರಿಸರದ ದೃಷ್ಟಿಯಿಂದ ಆಕ್ಷೇಪ ಬಂದಾಗ ಅದನ್ನು ಕೈಬಿಡಬೇಕಾಯಿತು. ಉರುಳುವಾಗ ಬೆಳಗುವ ಕೆಲವು ಸ್ಕೇಟಿಂಗ್ ಗಾಲಿಗಳಲ್ಲಂತೂ ಬ್ಯಾಟರಿಯೇ ಇಲ್ಲ. ಅಯಸ್ಕಾಂತ ಮತ್ತು ತಂತಿಯ ಸುರುಳಿ, ಅಂದರೆ ಮತ್ತೆ ಅದೇ ಡೈನಮೊ. ಓಡಿದರೆ ದೀಪ, ನಿಂತರೆ ಕತ್ತಲು.

ಹಾಗೆಂದು ಬೆಳಗುವುದೆಲ್ಲ ನಿರುಪದ್ರವಿ ಎನ್ನುವಂತಿಲ್ಲ. ಸೂಡಿಯ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಗುಂಡಿಯಂಥ ಪುಟ್ಟ ಬ್ಯಾಟರಿಯ ಅಪಾಯ ಕಾಣುವುದಿಲ್ಲ. ಎಳೆಯ ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಭಾಗ ಸುಟ್ಟುಹೋಗಬಹುದು. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇರುವುದನ್ನು ನೋಡಿಯೇ ಕೊಳ್ಳಬೇಕು. ನುಂಗಿದ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯವೆಂಬ ನಿಯಮ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಜಾತ್ರೆಯ ಗಡಿಬಿಡಿಯಲ್ಲಿ ಅದನ್ನು ಹುಡುಕುವವರು ಕಡಿಮೆ. ಕಣ್ಣಿನ ಆರೋಗ್ಯಕ್ಕೆ ಬೇಕಾದದ್ದು ಹಗಲಿನ ಬಯಲು, ರಾತ್ರಿಯ ಮಿನುಗಲ್ಲ ಎಂಬುದನ್ನೂ ಮರೆಯಬಾರದು. ಸಂಜೆಯ ಆಟ ಹಗಲಿನ ಆಟಕ್ಕೆ ಬದಲಿಯಾಗಲಾರದು.

ಕತ್ತಲೆಗೂ ತನ್ನ ಪಾಲಿದೆ. ಮಳೆಗಾಲದ ಹೊಸ್ತಿಲಲ್ಲಿ ಹಾಡಿಯ ಅಂಚಿಗೆ ಬರುವ ಮಿಂಚುಹುಳ ಈ ಸೀಮೆಯ ಮಕ್ಕಳು ಅಟ್ಟಿಸಿಕೊಂಡು ಓಡಿದ ಮೊದಲ ದೀಪ. ಅದು ಮಿಂಚುವುದು ಸಂಗಾತಿಯನ್ನು ಕರೆಯಲು. ಅಂಗಳದ ದೀಪ ರಾತ್ರಿಯಿಡೀ ಉರಿದರೆ ಆ ಕರೆ ಕಾಣದಂತಾಗುತ್ತದೆ. ಆಡಿ ಮುಗಿದ ಮೇಲೆ ಆರುವ ಆಟಿಕೆ ಆ ಲೆಕ್ಕದಲ್ಲಿ ಆರದ ಬೀದಿದೀಪಕ್ಕಿಂತ ಸಾಧು.

ಕೊಡಿಹಬ್ಬದಿಂದ ಹೊಸ ಮದುಮಕ್ಕಳು ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುತ್ತಾರೆ. ಮಕ್ಕಳು ಒಯ್ಯುವುದು ಆಟಿಕೆಯನ್ನು. ಕೋಟೇಶ್ವರದಿಂದ ಹಾಲಾಡಿಯ ಕಡೆಗೆ ಈಗ ಬಸ್ಸಿದೆ, ದಾರಿಯುದ್ದಕ್ಕೂ ಕಂಬದ ದೀಪಗಳಿವೆ, ಸೂಡಿ ಯಾರಿಗೂ ಬೇಕಾಗಿಲ್ಲ. ಮರುದಿನ ಸಂಜೆ ಆ ನೀಲಿ ಕಿಡಿಯನ್ನು ಹಾರಿಸಲು ಮಗುವಿಗೆ ಬೇಕಾದದ್ದು ಎರಡೇ: ಸ್ವಲ್ಪ ಕತ್ತಲಿರುವ ಒಂದು ಬಯಲು, ಮತ್ತು ಆಟ ಮುಗಿಯುವವರೆಗೆ ಅಂಗಳದ ತುದಿಯಲ್ಲಿ ಕಾದು ನಿಲ್ಲುವ ಒಬ್ಬ ಹಿರಿಯರು. ಇವೆರಡನ್ನು ಯಾವ ಜಾತ್ರೆಯಂಗಡಿಯೂ ಮಾರುವುದಿಲ್ಲ.