ಗೋಡೆಯೊಳಗಿನ ಸೆಣಬು

ಭಾರದ ವಸ್ತುವನ್ನು ಗೋಡೆಗೆ ನೇತುಹಾಕುವ ತಲೆನೋವು ಟೀವಿಯಿಂದ ಶುರುವಾದದ್ದಲ್ಲ. ಮರದಲ್ಲಾದರೆ ಸ್ಕ್ರೂ ನಾರನ್ನು ಕೊರೆದುಕೊಂಡು ಗಟ್ಟಿಯಾಗಿ ಕೂರುತ್ತದೆ. ಇಟ್ಟಿಗೆಯಲ್ಲಿ ಏನಾಗುತ್ತದೆ? ಪುಡಿ ಉದುರುತ್ತದೆ, ಅಷ್ಟೆ. ಅದಕ್ಕೇ ಹಿಂದಿನವರು ಗೋಡೆಯಲ್ಲಿ ಉಳಿಯಿಂದ ತೂತು ಮಾಡಿ, ಮರದ ಬೆಣೆ ಬಡಿದು, ಆ ಬೆಣೆಗೆ ಸ್ಕ್ರೂ ಹಾಕುತ್ತಿದ್ದರು. ನಮ್ಮ ಹಳೇ ಮನೆಗಳಲ್ಲಿ ಸ್ವಿಚ್ ಬೋರ್ಡು ಬಿಚ್ಚಿದರೆ ಹಿಂದೆ ಇಂಥ ಬೆಣೆ ಸಿಗುವುದುಂಟು. ಆದರೆ ಇದಕ್ಕೆ ದೊಡ್ಡ ತೂತೇ ಬೇಕು, ಸುತ್ತಲಿನ ಗಾರೆ ಕಿತ್ತುಬರುತ್ತದೆ. ಮರ ಒಣಗಿ ಕುಗ್ಗಿದರಂತೂ ಬೆಣೆ ಸಡಿಲ.

ಈ ಬೆಣೆಗೆ ಬದಲಿ ಹುಟ್ಟಿದ್ದು ಲಂಡನ್ನಿನಲ್ಲಿ, ಅದೂ ಬ್ರಿಟಿಷ್ ಮ್ಯೂಸಿಯಮ್ಮಿನ ದೆಸೆಯಿಂದ! ೧೯೧೦ರ ಸುಮಾರಿಗೆ ಅಲ್ಲಿ ವಿದ್ಯುತ್ ಸಾಮಾನುಗಳನ್ನು ಗೋಡೆಗೆ ಕೂರಿಸಬೇಕಿತ್ತು, ಆದರೆ ಗೋಡೆ ಹಾಳಾಗಬಾರದು. ಕೆಲಸ ಬಿದ್ದದ್ದು ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನ ಪಾಲಿಗೆ. ಆತ ಸೆಣಬಿನ ನಾರನ್ನು ಅಂಟು ಮತ್ತು ಪ್ರಾಣಿರಕ್ತದಿಂದ ಬಿಗಿದು ಸಣ್ಣ ಕೊಳವೆ ಮಾಡಿದ. ಸಣ್ಣ ತೂತು, ಅದರೊಳಗೆ ಕೊಳವೆ, ಕೊಳವೆಯೊಳಗೆ ಸ್ಕ್ರೂ. ಸ್ಕ್ರೂ ಒಳಗೆ ಹೋದಂತೆ ನಾರು ಉಬ್ಬಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ೧೯೧೧ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದ. 'ರಾಲ್ ಪ್ಲಗ್' ಎನ್ನುವ ಹೆಸರಿನಲ್ಲಿರುವುದು ಅವನದೇ ಹೆಸರಿನ ಅರ್ಧ. ಅಂದ ಹಾಗೆ, ಆ ಕಾಲದಲ್ಲಿ ಬ್ರಿಟನ್ನಿಗೆ ಸೆಣಬು ಹೋಗುತ್ತಿದ್ದದ್ದು ಬಹುಪಾಲು ಬಂಗಾಳದಿಂದ. ಮ್ಯೂಸಿಯಮ್ಮಿನ ಒಳಗೂ ನಮ್ಮ ಮಾಲು, ಗೋಡೆಯ ಒಳಗೂ ನಮ್ಮ ಮಾಲು :-)

ಇಂದು ನಾವು ಅಂಗಡಿಯಲ್ಲಿ ಕೊಳ್ಳುವ ಪ್ಲಾಸ್ಟಿಕ್ ಪ್ಲಗ್ಗಿನ ಹಿಂದೆ ಇನ್ನೊಬ್ಬ ಪುಣ್ಯಾತ್ಮನಿದ್ದಾನೆ. ಜರ್ಮನಿಯ ಆರ್ಟುರ್ ಫಿಶರ್ ೧೯೫೮ರಲ್ಲಿ ನೈಲಾನ್ ಪ್ಲಗ್ ತಂದ. ತುದಿ ಸೀಳಿರುತ್ತದೆ, ಮೈಮೇಲೆ ಹಲ್ಲುಗಳು, ಪಕ್ಕಕ್ಕೆ ಎರಡು ಸಣ್ಣ ನಾಲಿಗೆ. ಸ್ಕ್ರೂ ತಿರುಗಿಸುವಾಗ ಪ್ಲಗ್ಗೂ ಜೊತೆಗೇ ತಿರುಗದಂತೆ ತಡೆಯುವುದು ಆ ನಾಲಿಗೆಗಳೇ. ನೈಲಾನು ಒಣಗಿ ಕುಗ್ಗುವುದಿಲ್ಲ, ಕೊಳೆಯುವುದಿಲ್ಲ. ೨೦೧೬ರಲ್ಲಿ ತೀರಿಕೊಂಡಾಗ ಈತನ ಹೆಸರಲ್ಲಿ ಸಾವಿರಕ್ಕೂ ಹೆಚ್ಚು ಪೇಟೆಂಟುಗಳಿದ್ದವು. ನನಗೆ ಮಾತ್ರ ಈ ಬೂದು ಬಣ್ಣದ ತುಂಡೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ.

ಇಷ್ಟೆಲ್ಲ ಓದುವಂತೆ ಮಾಡಿದ್ದು ನಮ್ಮ ಚಿಕ್ಕಮ್ಮನ ಮನೆಯ ಟೀವಿ. ಅಂಗಡಿಯಿಂದ ಬಂದ ಹುಡುಗ ಡ್ರಿಲ್ ಹಿಡಿದು ಐದೇ ನಿಮಿಷದಲ್ಲಿ ನಾಲ್ಕು ತೂತು ಕೊರೆದ. ಒಂದರಲ್ಲಿ ಪ್ಲಗ್ ಗರಗರ ತಿರುಗಿತು. ಅವನು ಜೇಬಿನಿಂದ ಬೆಂಕಿಕಡ್ಡಿ ತೆಗೆದು ತುರುಕಿ, "ಏನೂ ಆಗಲ್ಲ ಬಿಡಿ ಸಾರ್" ಅಂದ. ಕೆಳಗೆ ಚಿಕ್ಕಮ್ಮನ ಮೊಮ್ಮಗಳು ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿದ್ದಳು. ಬಿಡಲಿಲ್ಲ. ತೂತು ನೋಡಿದರೆ ಅರ್ಧ ಉದ್ದ ಗಾರೆಯಲ್ಲೇ ಮುಗಿದಿತ್ತು, ಪ್ಲಗ್ಗಿಗೆ ಇಟ್ಟಿಗೆ ಸಿಕ್ಕಿರಲೇ ಇಲ್ಲ.

ಟೀವಿ ಬರೀ ಕೆಳಕ್ಕೆ ಎಳೆಯುವುದಿಲ್ಲ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೂ ಎಳೆಯುತ್ತದೆ. ೨೦ ಕಿಲೋ ಟೀವಿಯ ತೂಕ ಗೋಡೆಯಿಂದ ೧೦ ಸೆಂಟಿಮೀಟರ್ ಮುಂದಿದೆ, ಮೇಲಿನ ಕೆಳಗಿನ ಸ್ಕ್ರೂಗಳ ನಡುವೆ ೨೦ ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಮೇಲಿನವುಗಳ ಮೇಲೆ ಹೊರಕ್ಕೆಳೆತ ೧೦ ಕಿಲೋ. ಅದೇ ಟೀವಿಯನ್ನು ಮಡಚುವ ಕೈ ಇರುವ ಬ್ರಾಕೆಟ್ಟಿಗೆ ಹಾಕಿ ೫೦ ಸೆಂಟಿಮೀಟರ್ ಮುಂದಕ್ಕೆ ಎಳೆದರೆ ೫೦ ಕಿಲೋ! ಕೈಯ ತೂಕ ಬೇರೆ. ರಾಲಿಂಗ್ಸನ ಸೆಣಬಾಗಲಿ ಫಿಶರನ ನೈಲಾನಾಗಲಿ ಹಿಡಿಯುವುದು ಒತ್ತಡದಿಂದ. ಒತ್ತಿಸಿಕೊಂಡು ನಿಲ್ಲಲು ಹಿಂದೆ ಗಟ್ಟಿ ಇಟ್ಟಿಗೆ ಬೇಕು. ಗಾರೆಯೋ ಟೊಳ್ಳು ಬ್ಲಾಕೋ ಆದರೆ ಪ್ಲಗ್ ಉಬ್ಬಿದರೂ ಏನು ಪ್ರಯೋಜನ?

ಕೊನೆಗೆ ಬ್ರಾಕೆಟ್ಟನ್ನು ಅರ್ಧ ಗೇಣು ಪಕ್ಕಕ್ಕೆ ಸರಿಸಿ, ಉದ್ದದ ಪ್ಲಗ್ ತರಿಸಿ, ಇಟ್ಟಿಗೆಯ ನಡುವೆಯೇ ತೂತು ಬೀಳುವಂತೆ ಕೊರೆಸಿದೆವು. ಕೊರೆಯುವಾಗ ಮೊದಲು ಬಿಳಿ ಪುಡಿ, ಆಮೇಲೆ ಕೆಂಪು ಪುಡಿ. ಕೆಂಪು ಶುರುವಾದಲ್ಲಿಂದ ಪ್ಲಗ್ಗಿನ ಉದ್ದ ಲೆಕ್ಕ ಹಾಕಿದ್ದು. ಹುಡುಗ ಮೊದಲು ಗೊಣಗಿದ, ಸ್ಕ್ರೂ ಬಿಗಿಯುವಾಗ ಕೈ ನೋಯತೊಡಗಿದ ಮೇಲೆ ನಕ್ಕ.

ಗೋಡೆಗೆ ಬಡಿಯುವ ಆ ಮರದ ಬೆಣೆಗೆ ನಿಮ್ಮ ಕಡೆ ಬೇರೇನಾದರೂ ಹೆಸರಿದೆಯಾ?