ಪರ್ಮನೆಂಟಾ? ಒಂದು ಪ್ರಶ್ನೆಯ ಚರಿತ್ರೆ

ಮಕ್ಕಳು ಕೆಲಸಕ್ಕೆ ಸೇರಿದ ಸುದ್ದಿ ಬಂದಾಗ ನಮ್ಮ ಊರುಗಳ ಹಿರಿಯರು ಸಂಬಳ ಎಷ್ಟೆಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ‘ಪರ್ಮನೆಂಟಾ?’ ಎಂದು. ಮಗನಿಗೆ ನಲವತ್ತೈದು ದಾಟಿ, ಪುಣೆಯಲ್ಲೋ ಹೈದರಾಬಾದಿನಲ್ಲೋ ಸ್ವಂತ ಫ್ಲ್ಯಾಟ್ ಆಗಿ, ಮೊಮ್ಮಗಳು ಹತ್ತನೆಯ ತರಗತಿಗೆ ಬಂದ ಮೇಲೂ ಆ ಪ್ರಶ್ನೆ ನಿಲ್ಲುವುದಿಲ್ಲ. ‘ನಿಮ್ಮ ಕಂಪನೀಲಿ ಏನೂ ತೊಂದರೆ ಇಲ್ಲ ತಾನೇ?’ ಎಂದು ರೂಪ ಬದಲಿಸಿಕೊಂಡು ಫೋನಿನ ಮಾತು ಮುಗಿಯುವ ಹೊತ್ತಿಗೆ ಬಂದೇ ಬರುತ್ತದೆ. ನಲವತ್ತೈದರ ಮಗನಿಗೂ ಮಗಳಿಗೂ ಅದು ಕಿರಿಕಿರಿ. ಕಾಲ ಬದಲಾಗಿದೆ, ಅಪ್ಪ ಅಮ್ಮನಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ಮಾತು ತೇಲಿಸುತ್ತಾರೆ.

ಅರ್ಥವಾಗದೆ ಕೇಳುವ ಪ್ರಶ್ನೆ ಅದು ಎಂದು ನನಗೆ ಅನಿಸುವುದಿಲ್ಲ. ಅದರ ಹಿಂದೆ ಸುಮಾರು ನೂರು ವರ್ಷದ ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ತಂದೆ ತಾಯಿಗೆ ಒಂದು ಪಾತ್ರವೂ ಇದೆ. ಅದನ್ನು ಅವರು ಕೇಳಿ ಪಡೆದದ್ದಲ್ಲ.

ಮೊದಲು ಪದಗಳನ್ನೇ ನೋಡೋಣ. ಪರ್ಮನೆಂಟ್ ಇಂಗ್ಲಿಷಿನಿಂದ ಬಂದದ್ದು. ಅದಕ್ಕೂ ಮೊದಲು ನಮ್ಮಲ್ಲಿದ್ದ ‘ಕಾಯಂ’ ಅರಬ್ಬಿ ಮೂಲದ್ದು, ನಿಂತಿರುವುದು ಎಂದು ಅದರ ಮೂಲಾರ್ಥ. ಅದರ ಎದುರು ಪದ ‘ಹಂಗಾಮಿ’ ಬಂದದ್ದು ಪಾರಸಿಯಿಂದ. ‘ನೌಕರಿ’ಯೂ ಪಾರಸಿಯದೇ. ‘ಪಿಂಚಣಿ’ ಇಂಗ್ಲಿಷಿನ ಪೆನ್ಶನ್ ನಮ್ಮ ನಾಲಿಗೆಗೆ ಒಗ್ಗಿದ ರೂಪ. ಇವುಗಳ ನಡುವೆ ‘ಸಂಬಳ’ ಮಾತ್ರ ಹಳೆಯದು. ಸಂಸ್ಕೃತದಲ್ಲಿ ಅದರ ಮೂಲಾರ್ಥ ದಾರಿಬುತ್ತಿ. ಪ್ರಯಾಣಕ್ಕೆ ಹೊರಟವರು ಕಟ್ಟಿಕೊಂಡು ಹೋಗುವ ಬುತ್ತಿ ಮುಂದೆ ತಿಂಗಳ ಕೂಲಿಯ ಹೆಸರಾಯಿತು. ಬುತ್ತಿ ಕಟ್ಟಿಕೊಡುವವರು ಯಾರು, ದಾರಿಯಲ್ಲಿ ಅದು ತೀರಿದರೆ ಹಿಂದಿರುಗುವುದು ಎಲ್ಲಿಗೆ ಎನ್ನುವುದೇ ಈ ಬರಹದ ವಿಷಯ.

ಗೇಟಿನ ಮುಂದೆ ನಿಂತವರು

ಮುಂಬಯಿಯ ಮೊದಲ ಹತ್ತಿ ಗಿರಣಿ ಸ್ಥಾಪನೆಯಾದದ್ದು 1854ರಲ್ಲಿ. ಅಲ್ಲಿಂದ ಮುಂದೆ ಹತ್ತಾರು ವರ್ಷ, ಗಿರಣಿಯ ಕೆಲಸ ಎಂದರೆ ಬಹಳ ಮಂದಿಗೆ ದಿನದಿನದ ಲೆಕ್ಕವಾಗಿತ್ತು. ಕೆಲಸಕ್ಕೆ ತೆಗೆದುಕೊಳ್ಳುವುದು, ಬಿಡಿಸುವುದು ಎಲ್ಲವೂ ಜಾಬರ್ ಎಂಬ ಮೇಸ್ತ್ರಿಯ ಕೈಯಲ್ಲಿ. ಕಾಯಂ ಆದವನು ರಜೆ ಹಾಕಿದರೆ, ಕಾಯಿಲೆ ಬಿದ್ದರೆ, ಊರಿಗೆ ಹೋದರೆ ಅವನ ಜಾಗದಲ್ಲಿ ಆ ದಿನದ ಮಟ್ಟಿಗೆ ಇನ್ನೊಬ್ಬ ದುಡಿಯುತ್ತಿದ್ದ. ಅವನ ಹೆಸರೇ ‘ಬದಲಿ’. ಬೆಳಗಿನ ಪಾಳಿಗೆ ಮುನ್ನ ಬದಲಿಗಳು ಗೇಟಿನ ಮುಂದೆ ನಿಲ್ಲಬೇಕು, ಕರೆದರೆ ಒಳಗೆ, ಇಲ್ಲದಿದ್ದರೆ ವಾಪಸ್ಸು. 1935ರಲ್ಲಿ ಗಿರಣಿ ಮಾಲೀಕರ ಸಂಘ ಇದಕ್ಕೊಂದು ನಿಯಮ ತಂದು ಬದಲಿಗಳಿಗೆ ಕಾರ್ಡು ಕೊಡಲು ಶುರುಮಾಡಿತು. ಕಾರ್ಡು ಬಂದರೂ ಬೆಳಿಗ್ಗೆ ಬಂದು ನಿಲ್ಲುವುದು ತಪ್ಪಲಿಲ್ಲ.

ಹೀಗೆ ವರ್ಷಗಟ್ಟಲೆ ಬದಲಿಯಾಗಿ ದುಡಿದವರ ಕಣ್ಣೆದುರಿಗೆ ಇದ್ದ ಗುರಿ ಕಾಯಂ ಆಗುವುದೊಂದೇ. ಕಾಯಂ ಆದವರು ಮುಂದೆ ಮಗನನ್ನು ಅದೇ ಗಿರಣಿಗೆ ಬದಲಿಯಾಗಿ ಸೇರಿಸಲು ಪ್ರಯತ್ನಿಸುತ್ತಿದ್ದರು. ಹೊಲದಂತೆ ಮಗ್ಗದ ಮುಂದಿನ ಜಾಗವೂ ಅಪ್ಪನಿಂದ ಮಗನಿಗೆ ಹೋಗುವ ಆಸ್ತಿಯಾಯಿತು. ಮಗನ ನೌಕರಿಯ ಚಿಂತೆಗೆ ಅಪ್ಪನ ಬಳಿ ಇದ್ದ ಉತ್ತರ ತನ್ನ ನೌಕರಿಯೇ ಆಗಿತ್ತು.

ಇನ್ನು ಕೆಲಸ ಹೋದಾಗ? ಆಗ ಊರಿಗೆ ಹೋಗುವುದು. ಕೊಂಕಣಕ್ಕೆ, ಸಾತಾರಕ್ಕೆ, ಘಟ್ಟದ ಮೇಲಿನ ಹಳ್ಳಿಗಳಿಗೆ. ಊರಲ್ಲಿ ಮುದಿ ತಂದೆ ತಾಯಿ, ತುಂಡು ಭೂಮಿ, ಒಂದು ಮನೆ ಇರುತ್ತಿದ್ದವು.

ಸರ್ಕಾರ ಇದನ್ನು ಗಮನಿಸದೆ ಇರಲಿಲ್ಲ. 1929ರಲ್ಲಿ ಬ್ರಿಟಿಷ್ ಸರ್ಕಾರ ಜೆ. ಎಚ್. ವಿಟ್ಲಿ ಅಧ್ಯಕ್ಷತೆಯಲ್ಲಿ ಕಾರ್ಮಿಕರ ಕುರಿತು ರಾಯಲ್ ಆಯೋಗ ನೇಮಿಸಿತು. 1931ರಲ್ಲಿ ವರದಿ ಬಂತು. ಬ್ರಿಟನ್ನಿನಲ್ಲಿ ಅಷ್ಟು ಹೊತ್ತಿಗೆ ನಿರುದ್ಯೋಗ ವಿಮೆ ಜಾರಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. 1911ರ ಕಾಯ್ದೆಯಲ್ಲಿ ಕೆಲವು ಉದ್ಯಮಗಳಿಂದ ಆರಂಭವಾಗಿ ಅದು ಹಿಗ್ಗಿತ್ತು. ಭಾರತಕ್ಕೆ ಅಂಥ ವಿಮೆ ಕಾರ್ಯಸಾಧ್ಯವಲ್ಲ ಎಂದು ಆಯೋಗ ಅಭಿಪ್ರಾಯಪಟ್ಟಿತು. ಕಾರ್ಮಿಕನಿಗೂ ಅವನ ಹಳ್ಳಿಗೂ ಇರುವ ನಂಟು ಒಳ್ಳೆಯದು, ಅದನ್ನು ಕಡಿಯಬಾರದು ಎಂದೂ ಹೇಳಿತು. ಕೆಲಸವಿಲ್ಲದಾಗ, ಕಾಯಿಲೆಯಾದಾಗ, ವಯಸ್ಸಾದಾಗ ಅವನಿಗೆ ಊರೇ ಆಸರೆ ಎನ್ನುವುದು ಅದರ ಒಂದು ಕಾರಣ.

ಆಯೋಗ ಕಂಡದ್ದು ಸುಳ್ಳಲ್ಲ. ಆದರೆ ‘ಊರು’ ಎಂಬ ಆ ಪದವನ್ನು ಬಿಡಿಸಿದರೆ ಒಳಗೆ ಸಿಗುವುದು ಒಂದು ಮನೆ, ಅದರಲ್ಲಿ ಇಬ್ಬರು ಮುದುಕರು. ಕಾರ್ಖಾನೆ ಕೈಬಿಟ್ಟವನನ್ನು ಸಾಕುವ ಹೊಣೆ ಅವರ ಮೇಲೆ ಬಿತ್ತು. ಸ್ವಾತಂತ್ರ್ಯದ ನಂತರವೂ ಅದು ಹೆಚ್ಚು ಬದಲಾಗಲಿಲ್ಲ. 1944ರಲ್ಲಿ ಬಿ. ಪಿ. ಅಡಾರ್ಕರ್ ಸಿದ್ಧಪಡಿಸಿದ ವರದಿ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಇತ್ತು. ಅದರ ಬುನಾದಿಯ ಮೇಲೆ ಬಂದ 1948ರ ಇಎಸ್‌ಐ ಕಾಯ್ದೆ ಕಾಯಿಲೆ, ಹೆರಿಗೆ, ಅಪಘಾತಗಳನ್ನು ನೋಡಿಕೊಂಡಿತು. ಕೆಲಸ ಹೋಗುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಕಾಯಂ ಕಾಲ

ನಿರುದ್ಯೋಗ ವಿಮೆಯ ಬದಲು ನಮ್ಮ ದೇಶ ಹಿಡಿದದ್ದು ಇನ್ನೊಂದು ದಾರಿ. ಕೆಲಸ ಹೋದವರಿಗೆ ಹಣ ಕೊಡುವುದಕ್ಕಿಂತ ಕೆಲಸ ಹೋಗದಂತೆ ತಡೆಯುವುದು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಹೊಸ ಅಧ್ಯಾಯ ಸೇರಿತು. ಆ ವರ್ಷ ಗಿರಣಿಗಳಲ್ಲಿ ಬಟ್ಟೆ ಮಾರಾಟವಾಗದೆ ರಾಶಿ ಬಿದ್ದಿತ್ತು, ಕಾರ್ಮಿಕರನ್ನು ಮನೆಗೆ ಕಳಿಸುವ ಭಯ ಹುಟ್ಟಿತ್ತು. ತಿದ್ದುಪಡಿಯ ಪ್ರಕಾರ ತೆಗೆದುಹಾಕುವವರಿಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವನು ಮೊದಲು ಹೋಗಬೇಕು. ಈ ಎರಡನೆಯ ನಿಯಮ ನಡುವಯಸ್ಸಿನವರಿಗೆ ದೊಡ್ಡ ರಕ್ಷಣೆ, ಏಕೆಂದರೆ ಹೆಚ್ಚು ವರ್ಷ ದುಡಿದವನ ಕೆಲಸ ಹೆಚ್ಚು ಭದ್ರವಾಯಿತು. 1976ರಲ್ಲಿ ಇನ್ನೂ ಒಂದು ಹೆಜ್ಜೆ: 300ಕ್ಕೂ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಜನರನ್ನು ತೆಗೆಯಲು ಸರ್ಕಾರದ ಒಪ್ಪಿಗೆ ಬೇಕೆಂದಾಯಿತು. 1982ರ ತಿದ್ದುಪಡಿ ಆ ಸಂಖ್ಯೆಯನ್ನು 100ಕ್ಕೆ ಇಳಿಸಿತು.

ಈ ಕಾಯ್ದೆಗಳ ನೆರಳಲ್ಲಿ ಬೆಳೆದ ಊರು ಬೆಂಗಳೂರು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡಲು ಆರಂಭಿಸಿತು. ಜಾಲಹಳ್ಳಿಯ ಟೌನ್‌ಶಿಪ್, ಕ್ಯಾಂಟೀನು, ಶಾಲೆ, ಕರೆದೊಯ್ಯುವ ಬಸ್ಸು, ಪಿಎಫ್, ಗ್ರ್ಯಾಚುಟಿ, ಎಲ್ಲ ಸೇರಿ ಒಂದು ಬದುಕಿನ ನಕ್ಷೆ ತಯಾರಾಯಿತು. ಐಟಿಐ ಕೋರ್ಸು ಮುಗಿಸಿ ಇಪ್ಪತ್ತಕ್ಕೆ ಸೇರಿದರೆ 58ಕ್ಕೆ ಹೊರಬರುವ ಖಾತ್ರಿ. ಗಡಿಯಾರ ಜೋಡಿಸುವ ಸಾಲುಗಳಲ್ಲಿ ಹೆಣ್ಣುಮಕ್ಕಳೂ ಬಹಳ ಇದ್ದರು. ಅವರ ತಾಯಂದಿರಿಗೂ ‘ಪರ್ಮನೆಂಟ್’ ಎಂಬ ಪದದ ರುಚಿ ಹತ್ತಿತು. ಸಂಬಂಧ ಕುದುರಿಸುವಾಗ ಹುಡುಗ ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಎಂದರೆ ಬೇರೆ ಮಾತು ಬೇಕಿರಲಿಲ್ಲ.

ಇಲ್ಲೊಂದು ಲೆಕ್ಕ ನೆನಪಿಡಬೇಕು. ಈ ರಕ್ಷಣೆ ಸಿಕ್ಕಿದ್ದು ದೇಶದ ದುಡಿಯುವವರಲ್ಲಿ ಸಣ್ಣ ಪಾಲಿಗೆ. ಬಾಕಿಯವರು ಕೂಲಿ, ಕೃಷಿ, ಸಣ್ಣ ಅಂಗಡಿ, ಹೋಟೆಲುಗಳಲ್ಲಿ ಎಂದಿನಂತೆ ದಿನದ ಲೆಕ್ಕದಲ್ಲೇ ಬದುಕಿದರು. ಅದು ನಡೆದದ್ದೂ ಸುಮಾರು ನಲವತ್ತು ವರ್ಷ ಮಾತ್ರ. ಆದರೂ ಒಳ್ಳೆಯ ಬಾಳಿನ ಅಳತೆಗೋಲು ಮಧ್ಯಮವರ್ಗದ ಮನೆಗಳಲ್ಲಿ ತಯಾರಾದದ್ದು ಆ ನಲವತ್ತು ವರ್ಷದಲ್ಲೇ.

ನಲವತ್ತು ದಾಟಿದವರಿಗೆ ಒಂದು ಅರ್ಜಿ

ಅಳತೆಗೋಲು ಮೊದಲು ಮುರಿದದ್ದು ಮುಂಬಯಿಯಲ್ಲಿ. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಮುಗಿಯಿತೆಂದು ಯಾರೂ ಅಧಿಕೃತವಾಗಿ ಘೋಷಿಸಲೇ ಇಲ್ಲ. ಹತ್ತಾರು ಸಾವಿರ ಮಂದಿ ಮತ್ತೆ ಗಿರಣಿಯೊಳಗೆ ಕಾಲಿಡಲಿಲ್ಲ. ಬಹಳ ಜನ ಊರಿಗೆ ಹೊರಟರು. ಮೂವತ್ತೈದು, ನಲವತ್ತರ ಗಂಡಸರು ಹೆಂಡತಿ ಮಕ್ಕಳ ಸಮೇತ ತಂದೆ ತಾಯಿಯ ಮನೆಗೆ. ಅದುವರೆಗೆ ಮುಂಬಯಿಯಿಂದ ಮನಿಯಾರ್ಡರ್ ಬರುತ್ತಿದ್ದ ಮನೆಗಳವು. ಕಾನೂನು ಕಾಯಂ ಎಂದವರನ್ನೂ ಅದು ಕಾಯಲಿಲ್ಲ.

ಬೆಂಗಳೂರಿನಲ್ಲಿ ಗದ್ದಲವಿಲ್ಲದೆ ನಡೆಯಿತು. 1988ರಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ಉದ್ಯಮಗಳಿಗೆ ಸ್ವಯಂ ನಿವೃತ್ತಿ ಯೋಜನೆ ರೂಪಿಸಿತು. ಜನರ ಬಾಯಲ್ಲಿ ಅದು ವಿಆರ್‌ಎಸ್. ಹತ್ತು ವರ್ಷ ಸೇವೆಯಾಗಿದ್ದರೆ ಅಥವಾ 40 ವರ್ಷ ತುಂಬಿದ್ದರೆ ಅರ್ಜಿ ಹಾಕಬಹುದು. ಪ್ರತಿ ವರ್ಷದ ಸೇವೆಗೆ ಒಂದೂವರೆ ತಿಂಗಳ ಸಂಬಳ, ಅಥವಾ ನಿವೃತ್ತಿಗೆ ಉಳಿದ ತಿಂಗಳುಗಳ ಸಂಬಳ, ಎರಡರಲ್ಲಿ ಕಡಿಮೆಯದು. 1991ರ ಹೊಸ ಕೈಗಾರಿಕಾ ನೀತಿಯ ಬೆನ್ನಿಗೆ 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಬಂತು. ಕಾರ್ಮಿಕರಿಗೆ ಮರುತರಬೇತಿ ಕೊಟ್ಟು ಬೇರೆ ಕೆಲಸಕ್ಕೆ ಸೇರಿಸುವುದೂ ಅದರ ಉದ್ದೇಶವಾಗಿತ್ತು. ಹಣದ ಬಹುಪಾಲು ಹೋದದ್ದು ವಿಆರ್‌ಎಸ್‌ಗೆ.

ಟೈಟನ್‌ನ ಕ್ವಾರ್ಟ್ಜ್ ಗಡಿಯಾರಗಳು ಮಾರುಕಟ್ಟೆ ಹಿಡಿದ ಮೇಲೆ ಎಚ್‌ಎಂಟಿ ಕುಗ್ಗುತ್ತ ಹೋಯಿತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಒಪ್ಪಿತು. ನಡುವಿನ ವರ್ಷಗಳಲ್ಲಿ ಇಂಥ ಕಾರ್ಖಾನೆಗಳಿಂದ ಸಾವಿರಾರು ಮಂದಿ ವಿಆರ್‌ಎಸ್ ಪಡೆದು ಹೊರಬಂದರು. ಕೈಗೆ ಒಮ್ಮೆಲೇ ಬಂದ ಹಣ ಬ್ಯಾಂಕಿಗೆ ಹೋಯಿತು. 1990ರ ದಶಕದ ನಡುವೆ ಠೇವಣಿ ಬಡ್ಡಿ ಶೇ. 12ರ ಆಸುಪಾಸಿನಲ್ಲಿತ್ತು. 2003–04ರ ಹೊತ್ತಿಗೆ ಅದು ಅರ್ಧಕ್ಕೆ ಇಳಿಯಿತು. ತಿಂಗಳ ಬಡ್ಡಿಯಲ್ಲಿ ಮನೆ ನಡೆಯುತ್ತದೆಂದು ಹಾಕಿದ್ದ ಲೆಕ್ಕ ತಲೆಕೆಳಗಾಯಿತು. 1995ರ ನೌಕರರ ಪಿಂಚಣಿ ಯೋಜನೆ ಇತ್ತು, ನಿಜ. ಆದರೆ ಅದರ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಗಲು 2014 ಬರಬೇಕಾಯಿತು.

ಈಗ ವಯಸ್ಸು ಕೂಡಿಸಿ ನೋಡಿ. 1998ರಲ್ಲಿ 45 ವರ್ಷದವರಾಗಿ ವಿಆರ್‌ಎಸ್ ಫಾರಮ್ಮಿಗೆ ಸಹಿ ಹಾಕಿದವರು ಇಂದು ಎಪ್ಪತ್ತು ದಾಟಿದ್ದಾರೆ. ಅವರ ಮಕ್ಕಳಿಗೆ ಈಗ ನಲವತ್ತರ ಆಚೀಚೆ. ಫೋನಿನಲ್ಲಿ ‘ತೊಂದರೆ ಇಲ್ಲ ತಾನೇ?’ ಎಂದು ಕೇಳುವವರಲ್ಲಿ ಇಂಥವರೂ ಇದ್ದಾರೆ. ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಳ್ಳುವುದು ಎಂದರೇನು, ಅದನ್ನು ನೆಂಟರಿಗೆ ಹೇಗೆ ಹೇಳಬೇಕು, ಸಾಲದ ಕಂತು ಹೇಗೆ ತುಂಬಬೇಕು ಎನ್ನುವುದನ್ನು ಮಕ್ಕಳಿಗಿಂತ ಅವರು ಚೆನ್ನಾಗಿ ಬಲ್ಲರು.

ಬಡ್ತಿ ತಂದ ಬದಲಾವಣೆ

ಮಕ್ಕಳ ಸ್ಥಿತಿ ಒಂದು ವಿಷಯದಲ್ಲಿ ಅವರಿಗಿಂತಲೂ ತೆಳು. ಹಳೆಯ ಕಾಯ್ದೆಯ ರಕ್ಷಣೆ ಇದ್ದದ್ದು ‘ವರ್ಕ್‌ಮನ್’ ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ. ನಿಜವಾಗಿ ವ್ಯವಸ್ಥಾಪಕರ ಕೆಲಸ ಮಾಡುವವರು ಅದರ ಹೊರಗೆ. ಇಪ್ಪತ್ತು ವರ್ಷ ದುಡಿದು ಮೇಲೇರಿ, ಮೂವತ್ತು ಮಂದಿಯ ತಂಡ ನೋಡಿಕೊಳ್ಳುವ ಸಾಫ್ಟ್‌ವೇರ್ ಮ್ಯಾನೇಜರಿಗೆ ‘ಕೊನೆಗೆ ಬಂದವನು ಮೊದಲು’ ಎಂಬ ನಿಯಮ ಸಿಗುವುದು ಕಷ್ಟ. ಅವನಿಗೆ ಉಳಿಯುವುದು ನೇಮಕಾತಿ ಪತ್ರದಲ್ಲಿ ಬರೆದ ನೋಟಿಸ್ ಅವಧಿ, ಜೊತೆಗೆ ಗ್ರ್ಯಾಚುಟಿ. ಮಗನಿಗೆ ಬಡ್ತಿ ಸಿಕ್ಕಿತೆಂದು ಮನೆಯವರು ಸಿಹಿ ಹಂಚುವ ಹೊತ್ತಿಗೆ ಅವನು ಕಾನೂನಿನ ಚಾವಣಿಯಿಂದ ಹೊರಬಂದಿರಬಹುದು.

ಇಎಸ್‌ಐ ಅಡಿಯಲ್ಲಿ 2005ರಿಂದ, ಮತ್ತೆ 2018ರಿಂದ ನಿರುದ್ಯೋಗ ಭತ್ಯೆಯ ಯೋಜನೆಗಳು ಬಂದಿವೆ. ತಿಂಗಳ ವೇತನ 21,000 ರೂಪಾಯಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಯೇ ಇಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಸರ್ಕಾರದ ಒಪ್ಪಿಗೆಯ ಮಿತಿಯನ್ನು ಮತ್ತೆ 300ಕ್ಕೆ ಏರಿಸಿದೆ. 2007ರ ಹಿರಿಯ ನಾಗರಿಕರ ಪಾಲನೆ ಕಾಯ್ದೆ ಮಕ್ಕಳು ತಂದೆ ತಾಯಿಯನ್ನು ನೋಡಿಕೊಳ್ಳಬೇಕು ಎನ್ನುತ್ತದೆ. ಹಣ ಕೆಳಗಿನ ತಲೆಮಾರಿನಿಂದ ಮೇಲಕ್ಕೆ ಹರಿಯುತ್ತದೆ ಎಂಬುದು ಆ ಕಾಯ್ದೆಯ ನಂಬಿಕೆ. ನಲವತ್ತೈದರಲ್ಲಿ ಕೆಲಸ ಹೋದಾಗ ಅದು ತಿರುಗಿ ಹರಿಯುತ್ತದೆ. ಅಪ್ಪನ ಠೇವಣಿ, ಅಮ್ಮನ ಬಳೆ, ಊರಿನ ಸೈಟು, ಇವೇ ಆರು ತಿಂಗಳ ಸಂಬಳವಾಗುತ್ತವೆ. 1931ರ ಆಯೋಗ ‘ಊರು’ ಎಂದು ಕರೆದದ್ದು ಇವತ್ತಿಗೂ ಕೆಲಸ ಮಾಡುತ್ತಿದೆ, ಅದಕ್ಕೆ ಈಗಲೂ ಯಾರೂ ಕಂತು ಕಟ್ಟುತ್ತಿಲ್ಲ.

ನಾನು ಅನುವಾದ ಮಾಡಿ ಬದುಕುವ ಸ್ವತಂತ್ರ ವೃತ್ತಿಯವರಲ್ಲಿ ಒಬ್ಬ. ನಮಗೆ ಬದಲಿಯ ಕಾರ್ಡೂ ಇಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಆ ಪ್ರಶ್ನೆ ಇನ್ನೂ ಹೆಚ್ಚು ಕೇಳಿಸುತ್ತದೆ. ಈಚೆಗೆ ಅದನ್ನು ಬೇರೆ ರೀತಿ ಕೇಳಿಸಿಕೊಳ್ಳುತ್ತಿದ್ದೇನೆ. ನಮ್ಮ ಕೆಲಸಕ್ಕೆ ಜಾಮೀನು ನಿಂತವರು ಖಾತೆಯ ಸ್ಥಿತಿ ವಿಚಾರಿಸಿದ ಹಾಗೆ ಅದು. ಜಾಮೀನುದಾರರಿಗೆ ಆ ಹಕ್ಕು ಇದೆ. ‘ಏನೂ ಇಲ್ಲಮ್ಮಾ’ ಎಂದು ತೇಲಿಸುವುದಕ್ಕಿಂತ ನೋಟಿಸ್ ಅವಧಿ ಎಷ್ಟು, ಕೈಯಲ್ಲಿ ಎಷ್ಟು ತಿಂಗಳ ಖರ್ಚಿದೆ, ಸಾಲ ಎಷ್ಟು ಬಾಕಿ ಎಂದು ಹೇಳಿಬಿಡುವುದು ಮೇಲು. ಅವರ ಠೇವಣಿಯಲ್ಲಿ ಎಷ್ಟನ್ನು ಯಾವ ಕಾರಣಕ್ಕೂ ಮುಟ್ಟಬಾರದು ಎನ್ನುವುದನ್ನೂ ಅದೇ ಮಾತಿನಲ್ಲಿ ತೀರ್ಮಾನಿಸಬಹುದು. ಏಕೆಂದರೆ ಊರಿಗೆ ಹಿಂದಿರುಗಿದ ಗಿರಣಿ ಕಾರ್ಮಿಕನಿಗೆ ಕನಿಷ್ಠ ಒಂದು ತುಂಡು ಹೊಲವಿತ್ತು. ಈಗಿನ ಬಹಳ ಮನೆಗಳಲ್ಲಿ ಇರುವುದು ಆ ಠೇವಣಿ ಒಂದೇ, ಅದರಲ್ಲೇ ಅವರಿಬ್ಬರ ಔಷಧಿಯೂ ನಡೆಯಬೇಕು.

ನಿಮ್ಮ ಮನೆಯಲ್ಲಿ ಗಿರಣಿಯ ಬದಲಿ ಕಾರ್ಡು, ವಿಆರ್‌ಎಸ್ ಪತ್ರ, ಟೌನ್‌ಶಿಪ್‌ನ ನೆನಪು ಇದ್ದರೆ ಬರೆದು ತಿಳಿಸಿ. ಅದಕ್ಕೂ ಮೊದಲು, ಆ ಸಹಿ ಹಾಕಿದ ದಿನ ಏನು ಲೆಕ್ಕ ಹಾಕಿದ್ದಿರಿ ಎಂದು ಅವರನ್ನು ಒಮ್ಮೆ ಕೇಳಿ ನೋಡಿ.