ಖಾಸಿಂ ರಜ್ವಿ: ನಾವು ಮರೆಯಬಾರದ ಪಾಠ

ಕಲಬುರಗಿ, ಕಮಲಾಪುರ, ಹುಮನಾಬಾದ್ ಭಾಗದ ಹಿರಿಯರ ನೆನಪಿನಿಂದ ‘ರಜಾಕಾರರ ಹಾವಳಿ’ ಎಂಬ ಮಾತು ಇನ್ನೂ ಅಳಿದಿಲ್ಲ. ಆ ಪಡೆಯ ನಾಯಕ ಖಾಸಿಂ ರಜ್ವಿ ಆಲಿಮರಾಗಿರಲಿಲ್ಲ. ಅಲೀಗಢದಲ್ಲಿ ಕಲಿತ, ಲಾತೂರಿನ ವಕೀಲರಾಗಿದ್ದರು. 1946ರಲ್ಲಿ ಮಜ್ಲಿಸೆ ಇತ್ತೆಹಾದುಲ್ ಮುಸ್ಲಿಮೀನ್‌ನ ಅಧ್ಯಕ್ಷರಾದ ಅವರು ನಿಜಾಮರ ಗದ್ದುಗೆಯ ಉಳಿವಿಗೆ ಧರ್ಮದ ಹೆಸರನ್ನು ಬಳಸಿದರು. ಅವರ ಪಡೆಯ ದೌರ್ಜನ್ಯಕ್ಕೆ ನಮ್ಮ ಹಿಂದೂ ನೆರೆಹೊರೆಯವರು ನಲುಗಿದರು. ಅದನ್ನು ಖಂಡಿಸಿದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹತ್ಯೆಗೀಡಾದರು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಐದೇ ದಿನಗಳಲ್ಲಿ ನಿಜಾಮರು ಶರಣಾದರು. ಆ ಬಳಿಕ ನಡೆದ ಸೇಡಿನ ಹಿಂಸೆಗೆ ಬಲಿಯಾದವರು ಸಾಮಾನ್ಯ ಮುಸ್ಲಿಮರು. ಸುಂದರಲಾಲ್ ಸಮಿತಿಯ ಅಂದಾಜಿನಂತೆ ಸಂಸ್ಥಾನದಲ್ಲಿ ಮಡಿದವರು 27,000ದಿಂದ 40,000. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರ್ ಸೇರಿದ್ದವು.

ರಜ್ವಿ 1957ರಲ್ಲಿ ಸೆರೆಯಿಂದ ಬಿಡುಗಡೆಗೊಂಡು ಪಾಕಿಸ್ತಾನಕ್ಕೆ ತೆರಳಿದರು. ಅವರ ಆವೇಶದ ಮಾತಿಗೆ ಬೆಲೆ ತೆತ್ತವರು ಇಲ್ಲಿಯೇ ಉಳಿದ ವಿಧವೆಯರು ಮತ್ತು ಯತೀಮ ಮಕ್ಕಳು.

ನಮ್ಮವರ ನೋವನ್ನು ಸ್ಮರಿಸುವಾಗ ನಮ್ಮವರು ಎಸಗಿದ ಅನ್ಯಾಯವನ್ನು ಮರೆಮಾಚುವುದು ಸಲ್ಲದು. ಸ್ವತಃ ನಮಗೇ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಬೇಕೆಂಬುದು ಕುರ್‌ಆನ್‌ನ ಆದೇಶ. ಶೋಯೆಬುಲ್ಲಾ ಖಾನ್ ಆ ಸಾಕ್ಷ್ಯವನ್ನು ನುಡಿದವರು. ನಮ್ಮ ಮಕ್ಕಳಿಗೆ ನಾವು ಮೊದಲು ಹೇಳಿಕೊಡಬೇಕಾದ ಹೆಸರು ಅವರದು.